ಪಾಲಮ್ಮನಿಗೆ ಆಗದ ಕಾಳು

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದು ಮೂಗಿನ ತುದಿಯಲ್ಲೇ ಇರುತ್ತದೆ, ಕರೆಯುವವರೆಗೂ ಕಾಯುವುದಿಲ್ಲ. ಚಳ್ಳಕೆರೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹನ್ನೊಂದು ವರ್ಷದಿಂದ ಅಡುಗೆಮನೆಯ ಉಸ್ತುವಾರಿ ನನ್ನದು. ಸುತ್ತಲಿನ ಹಳ್ಳಿ ಹಟ್ಟಿಗಳ ನಲವತ್ತಾರು ಮಕ್ಕಳು ನಾನು ಮಾಡಿಸಿದ್ದನ್ನು ಉಂಡು ಶಾಲೆಗೆ ಹೋಗುತ್ತಾರೆ. ಬೆನ್ನ ಹಿಂದೆ ಅವರು ನನ್ನನ್ನು ‘ಮೆಣಸಿನಕಾಯಿ ಮಂಜುಳಮ್ಮ’ ಅನ್ನುತ್ತಾರೆ. ನನಗದು ಗೊತ್ತು, ಗೊತ್ತಿಲ್ಲದವಳ ಹಾಗೆ ಇದ್ದೇನೆ.

ಸಿಟ್ಟಿನ ಜೊತೆಗೆ ಜಂಬವೂ ಉಂಟು. ನಾನು ಎಣ್ಣೆ ಮಿಲ್ಲಿನ ಮನೆಯ ಮಗಳು. ನಮ್ಮಪ್ಪ ಶೇಂಗಾ ಎಣ್ಣೆ ತೆಗೆದೇ ನಮ್ಮನ್ನೆಲ್ಲ ಸಾಕಿದವರು. ಈಗ ಮಿಲ್ಲು ನಮ್ಮಣ್ಣ ಹಾಲೇಶಪ್ಪನ ಕೈಯಲ್ಲಿದೆ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಟ್ಟಿಯೋ ಜೊಳ್ಳೋ ಹೇಳಬಲ್ಲೆ. ಶೇಂಗಾ ವಿಷಯದಲ್ಲಿ ಯಾರಾದರೂ ನನಗೆ ಹೇಳಿಕೊಡಲು ಬಂದರೆ ನಾನು ಕೇಳಿಸಿಕೊಳ್ಳುವವಳೇ ಅಲ್ಲ. ಆಗಿದ್ದೆಲ್ಲ ಇದರಿಂದಲೇ ಆಗಿದ್ದು.

ಹೋದ ವರ್ಷ ಜೂನ್ ತಿಂಗಳಲ್ಲಿ ಮೊಳಕಾಲ್ಮುರು ಕಡೆಯಿಂದ ಕರಿಯಕ್ಕ ಎಂಬ ಮುದುಕಿ ತನ್ನ ಮೊಮ್ಮಗಳನ್ನು ಒಂದನೇ ತರಗತಿಗೆ ಸೇರಿಸಲು ಕರೆತಂದಳು. ಹುಡುಗಿಯ ಹೆಸರು ಪಾಲಮ್ಮ, ಆರು ವರ್ಷ. ಅಪ್ಪ ಓಬಳೇಶ್, ಅವ್ವ ಇಬ್ಬರೂ ಕುರಿ ಹೊಡೆದುಕೊಂಡು ವರ್ಷದ ಏಳೆಂಟು ತಿಂಗಳು ಊರೂರು ಅಲೆಯುವವರು. ಮಗುವನ್ನು ಸಾಕಿದವಳು ಅಜ್ಜಿಯೇ. ಅವರ ಹಟ್ಟಿ ಬ್ರಹ್ಮಗಿರಿ ಬೆಟ್ಟದ ಆಚೆ, ಆಂಧ್ರದ ಗಡಿಗೆ ಹತ್ತಿರ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಂತೆಯಲ್ಲಿ ಎರಡೂ.

“ಅಮ್ಮಾರೆ, ಎಲ್ಲ ಉಣ್ತಾಳೆ, ಯಾವ್ದಕ್ಕೂ ಹಟ ಮಾಡಲ್ಲ,” ಎಂದಳು ಕರಿಯಕ್ಕ. “ಸೆನ್ಗ ಒಂದು ಇಕ್ಕಬ್ಯಾಡ್ರಿ. ಅದು ಹೊಟ್ಟೆಗೆ ಹೋದ್ರೆ ಮೈಯೆಲ್ಲ ದದ್ದು ಏಳ್ತವೆ, ಉಸ್ರು ಕಟ್ತೈತೆ. ಹೋದ ವರ್ಷ ಒಂದ್ಸಲ ಕೈಬಿಟ್ಟೇ ಹೋದ್ಲು ಅಂದ್ಕಂಡಿದ್ವಿ.”

“ಶೇಂಗಾನಾ?” ಎಂದೆ.

“ಹೂನ್ರಿ, ಸೆನ್ಗ.”

ನನಗೆ ಒಳಗೊಳಗೇ ನಗು. ಪಾಪ, ಹಟ್ಟಿಯ ಮುದುಕಿ, ಶೇಂಗಾ ಅನ್ನಲು ನಾಲಿಗೆ ಹೊರಳುವುದಿಲ್ಲ, ಸೆನ್ಗ ಅನ್ನುತ್ತಾಳೆ ಎಂದುಕೊಂಡೆ. ಹಾಸ್ಟೆಲಿನ ಪುಸ್ತಕದಲ್ಲಿ ಅವಳ ಮಾತನ್ನು ತಿದ್ದಿ, ದುಂಡಗಿನ ಅಕ್ಷರದಲ್ಲಿ ಬರೆದೆ: ಪಾಲಮ್ಮ, ಶೇಂಗಾ ಆಗುವುದಿಲ್ಲ.

ನಾನು ಸಿಟ್ಟಿನವಳಾದರೂ ಹೊಣೆಗೇಡಿಯಲ್ಲ. ಒಂದು ಮಗುವಿಗೆ ಆಗುವುದಿಲ್ಲ ಅಂದರೆ ಇಡೀ ಹಾಸ್ಟೆಲಿಗೇ ಬೇಡ ಎಂದು ಅವತ್ತೇ ತೀರ್ಮಾನ ಮಾಡಿದೆ. ಶೇಂಗಾ ಚಟ್ನಿ ನಿಂತಿತು, ಶೇಂಗಾ ಪುಡಿ ನಿಂತಿತು, ಒಗ್ಗರಣೆಗೆ ಎರಡು ಬೀಜ ಹಾಕುವುದೂ ನಿಂತಿತು. ಮಿಲ್ಲಿನಿಂದ ಬರುತ್ತಿದ್ದ ಎಣ್ಣೆಯನ್ನೂ ಬಿಡಿಸಿ ಅಂಗಡಿಯಿಂದ ಸೂರ್ಯಕಾಂತಿ ಎಣ್ಣೆ ತರಿಸಿದೆ. ಹಾಲೇಶಣ್ಣ ಹಾಸ್ಟೆಲಿನ ಗೇಟಿಗೇ ಬಂದು ನಿಂತ.

“ಏನವ್ವಾ ಮಂಜುಳಾ, ನಮ್ಮ ಮನೆ ಮಗಳಾಗಿ ಪ್ಯಾಕೆಟ್ ಎಣ್ಣೆ ತರಿಸ್ತೀಯಂತೆ? ಅಪ್ಪಾಜಿ ಇದ್ದಿದ್ರೆ ಮಿಲ್ಲಿಗೆ ಬೀಗ ಹಾಕಿಸ್ತಿದ್ರು.”

“ಮಗೀನ ಜೀವಕ್ಕಿಂತ ನಿನ್ನ ಎಣ್ಣೆ ದೊಡ್ಡದೇನು? ಹೋಗು, ಹೋಗು,” ಎಂದು ಅಟ್ಟಿದೆ. ಅವನು ನಗುತ್ತಲೇ ಹೋದ. ಊರೆಲ್ಲ ಎಣ್ಣೆ ಮಿಲ್ಲುಗಳೇ ಇರುವ ಕಡೆ ಶೇಂಗಾ ಇಲ್ಲದೆ ನಲವತ್ತಾರು ಜನಕ್ಕೆ ರುಚಿಯಾಗಿ ಅಡುಗೆ ಮಾಡುವುದು ಸುಲಭದ ಮಾತಲ್ಲ. ನಾನು ಮಾಡಿದೆ. ಶೇಂಗಾ ಬೀಳುತ್ತಿದ್ದ ಕಡೆಯೆಲ್ಲ ಪುಟಾಣಿ ಹಾಕಿದೆ, ಅದೇ ಹುರಿಗಡಲೆ. ಚಟ್ನಿಗೆ ಪುಟಾಣಿ, ಪಲ್ಯದ ಮೇಲೆ ಪುಟಾಣಿ ಪುಡಿ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಪಾಲಮ್ಮ ಮೊದಲ ವಾರದಲ್ಲೇ ನನಗೆ ಅಂಟಿಕೊಂಡಳು. ಹೆದರದೆ ಅಡುಗೆಮನೆಯೊಳಗೆ ಬಂದು ನನ್ನ ಸೆರಗು ಹಿಡಿದು ನಿಲ್ಲುವ ಮಗು ಅದೊಂದೇ. ಒಂದು ಸಂಜೆ, “ಅಮ್ಮಾರೆ, ಬುಡ್ಡಲು ಇಲ್ಲಾ?” ಎಂದು ಕೇಳಿದಳು. ಬುಡ್ಡಿ ದೀಪ ಕೇಳುತ್ತಿದ್ದಾಳೆ ಎಂದುಕೊಂಡು, “ಕರೆಂಟ್ ಐತಲ್ಲೇ, ಬುಡ್ಡಿ ಯಾಕೆ ನಿಂಗೆ?” ಎಂದೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ಮುಖ ಸಣ್ಣಗೆ ಮಾಡಿಕೊಂಡು ಹೊರಗೆ ಹೋದಳು.

ಆಗಾಗ ಅವಳು ಕೈ ಕೆರೆದುಕೊಳ್ಳುತ್ತಿದ್ದಳು, ಹೊಟ್ಟೆನೋವು ಅನ್ನುತ್ತಿದ್ದಳು. ಹೊಸ ಜಾಗ, ಹೊಸ ನೀರು, ಸರಿಹೋಗುತ್ತದೆ ಎಂದುಕೊಂಡೆ.

ಚಿತ್ರಾ ಬಂದದ್ದು ಜುಲೈನಲ್ಲಿ. ನಾಯಕನಹಟ್ಟಿ ಕಡೆಯ ಹುಡುಗಿ, ಕುರಿ ಕಾಯುವ ಚಿಕ್ಕೀರಪ್ಪನ ಮಗಳು. ಆಹಾರದ ವಿಷಯವನ್ನೇ ದೊಡ್ಡ ಓದು ಓದಿದ್ದಾಳೆ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಮರದ ಪೆಟ್ಟಿಗೆ. ಪೆಟ್ಟಿಗೆ ತೆರೆದರೆ ಒಳಗೆ ಬೆರಳುದ್ದದ ಗಾಜಿನ ಸೀಸೆಗಳು, ಒಂದೊಂದರಲ್ಲೂ ಒಂದೊಂದು ಕಾಳು, ಬೇಳೆ, ಹಿಟ್ಟು.

“ಕುದಾಪುರದ ವಿಜ್ಞಾನಿಗಳೇನು? ರಾಕೆಟ್ ಬಿಡೋರಿಗೆ ನಮ್ಮ ಅಡುಗೆಮನೇಲಿ ಏನು ಕೆಲಸ?” ಎಂದೆ.

“ಅವರಲ್ಲ ಅಮ್ಮಾ. ನಮ್ದು ಊಟದ ಹೆಸರುಗಳ ಕೆಲಸ,” ಎಂದಳು. “ಜನ ಯಾವ ಕಾಳಿಗೆ ಏನಂತಾರೆ ಅಂತ ಊರೂರು ತಿರುಗಿ ಬರ್ಕೊಳ್ತೀವಿ. ಒಂದೊಂದು ಪದಾರ್ಥಕ್ಕೆ ಒಂದೊಂದು ನಂಬರ್. ಯಾವ ಗಿಡದ್ದು, ಗಿಡದ ಯಾವ ಭಾಗ, ಹಸೀದೋ ಹುರಿದಿದ್ದೋ ಪುಡೀನೋ, ಅಷ್ಟೂ ಬರೀತೀವಿ. ಅದರ ಕೆಳಗೆ ಎಲ್ಲ ಕಡೆಯ ಹೆಸರು.”

“ಬರ್ಕೊಂಡು?”

“ಕೆಲವರಿಗೆ ಕೆಲವು ಕಾಳು ಆಗಲ್ಲ, ಅಲರ್ಜಿ ಅಂತೀವಲ್ಲ. ಆಸ್ಪತ್ರೆ ಚೀಟಿಗಳ್ನ ಒಟ್ಟು ಮಾಡಿ ನೋಡಿದ್ರೆ ‘ಕಡ್ಲೆ ತಿಂದು ಹಿಂಗಾಯ್ತು’ ಅಂತ ಇರುತ್ತೆ. ಯಾವ ಕಡ್ಲೆ? ನೆಲಗಡ್ಲೆನೋ, ಬೇಳೆ ಕಡ್ಲೆನೋ, ಹುರಿಗಡ್ಲೆನೋ? ಗೊತ್ತಾಗಲ್ಲ. ಅಷ್ಟು ಚೀಟಿನೂ ಕಸಕ್ಕೆ. ಬರೆಯೋರು, ಓದೋರು, ಬಡಿಸೋರು ಎಲ್ಲ ಒಂದೇ ಕಾಳಿನ ಮಾತಾಡ್ಬೇಕು, ಅಷ್ಟೇ ಅಮ್ಮಾ.”

ಅವಳ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ತಾನಾಗಿ ಯಾವ ಹೆಸರನ್ನೂ ಹೇಳುವಂತಿಲ್ಲ. ಸೀಸೆ ತೋರಿಸಿ, ‘ಇದಕ್ಕೆ ಏನಂತೀರಿ?’ ಎಂದಷ್ಟೇ ಕೇಳಬೇಕು. ಶೇಂಗಾ ಬೀಜದ ಸೀಸೆಯನ್ನು ನನ್ನ ಮುಖದ ಮುಂದೆ ಹಿಡಿದು ಹಾಗೆ ಕೇಳಿದಳು ನೋಡಿ, ನನಗೆ ರೇಗಿಹೋಯಿತು. ಎಣ್ಣೆ ಮಿಲ್ಲಿನ ಮಗಳಿಗೆ ಶೇಂಗಾ ತೋರಿಸಿ ಇದೇನು ಅನ್ನುವುದೇ?

“ಇದನ್ನ ಕೇಳೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ? ನಂಗೆ ಮುದ್ದೆ ತೊಳಸೋ ಹೊತ್ತು. ಇನ್ನೊಂದಿನ ಬಾ,” ಎಂದು ಎದ್ದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. “ಬರ್ತೀನಿ ಅಮ್ಮಾ,” ಎಂದು ಪೆಟ್ಟಿಗೆ ಮುಚ್ಚಿಕೊಂಡು ಹೋದಳು. ಆ ಹೊತ್ತಿನಲ್ಲಿ ಅವಳನ್ನು ಕೂರಿಸಿ ಹತ್ತು ನಿಮಿಷ ಮಾತಾಡಿದ್ದರೆ ಎಂದು ಈಗಲೂ ನನಗೆ ಸಂಕಟವಾಗುತ್ತದೆ.

ನಾಗರಪಂಚಮಿಗೆ ಮಕ್ಕಳಿಗೆ ಉಂಡೆ ಆಗಬೇಕು. ಶೇಂಗಾ ಉಂಡೆ ಇಲ್ಲ ಎಂದು ದೊಡ್ಡ ಹುಡುಗಿಯರು ಗೊಣಗಿದರು. ನಾನು ಪುಟಾಣಿ ಹಿಟ್ಟಿಗೆ ಬೆಲ್ಲ, ತುಪ್ಪ, ಕೊಬ್ಬರಿ, ಏಲಕ್ಕಿ ಹಾಕಿ ತಂಬಿಟ್ಟಿನ ಉಂಡೆ ಕಟ್ಟಿದೆ. ಹಬ್ಬಕ್ಕೆ ಊರಿಗೆ ಹೋಗದೆ ಉಳಿದವರಲ್ಲಿ ಪಾಲಮ್ಮನೂ ಒಬ್ಬಳು; ಅಪ್ಪ ಅವ್ವ ಕುರಿಗಳ ಜೊತೆ ಎಲ್ಲೋ ದೂರದಲ್ಲಿದ್ದರು, ಕರೆದೊಯ್ಯಲು ಅಜ್ಜಿಗೂ ಬರಲಾಗಿರಲಿಲ್ಲ. ಪಾಪ ಎಂದು ಅವಳಿಗೆ ಎರಡು ಉಂಡೆ ಹೆಚ್ಚು ಕೊಟ್ಟೆ. ಅರ್ಧ ಗಂಟೆಯಲ್ಲಿ ಅವಳ ತುಟಿ ಊದಿತು, ಕಣ್ಣು ಮುಚ್ಚಿಹೋಯಿತು, ಮೈಮೇಲೆ ಕೈಯಗಲದ ದದ್ದುಗಳು. ಹತ್ತಿರದ ಡಾಕ್ಟರ ಹತ್ತಿರ ಒಯ್ದು ಸೂಜಿ ಹಾಕಿಸಿದ ಮೇಲೆ ಇಳಿಯಿತು.

ಆಗ ನನ್ನ ಸಿಟ್ಟನ್ನು ನೋಡಬೇಕಿತ್ತು. ಯಾರೋ ಕದ್ದು ಶೇಂಗಾ ಕೊಟ್ಟಿದ್ದಾರೆ ಎಂದು ಎಲ್ಲ ಮಕ್ಕಳ ಟ್ರಂಕು ತೆಗೆಸಿ ಚಿಕ್ಕಿ ಹುಡುಕಿದೆ. ಸಿಗಲಿಲ್ಲ. ಕೊನೆಗೆ ನನ್ನ ಕಣ್ಣು ಕೆಂಚಕ್ಕನ ಮೇಲೆ ಬಿತ್ತು. ಒಂಬತ್ತು ವರ್ಷದಿಂದ ನನ್ನ ಜೊತೆ ಒಲೆಯ ಮುಂದೆ ನಿಂತವಳು. ಅವಳೂ ನನ್ನ ಹಾಗೆ ಊರಿನ ಎಣ್ಣೆಯ ರುಚಿ ಬಿಡದವಳು.

“ಬಾಣಲೆಗೆ ಶೇಂಗಾ ಎಣ್ಣೆ ಹಾಕಿದೆಯಾ? ನಿಜ ಹೇಳು.”

“ದೇವ್ರಾಣೆ ಇಲ್ಲ ಅಮ್ಮಾರೆ. ನಂಗೂ ಮಕ್ಳು ಅದಾವೆ,” ಎಂದಳು. ನಾನು ನಂಬಲಿಲ್ಲ. ಅವಳು ಮುಟ್ಟಿದ ಪಾತ್ರೆಯನ್ನೆಲ್ಲ ಮೂಸಿ ನೋಡತೊಡಗಿದೆ. ಪಾಲಮ್ಮನ ತಟ್ಟೆಗೆ ನಾನೇ ಬೇರೆ ತೆಗೆದಿಟ್ಟು, ನಾನೇ ಬಡಿಸತೊಡಗಿದೆ. ಎಷ್ಟು ಕಣ್ಣಲ್ಲಿ ಕಣ್ಣಿಟ್ಟು ಕಾದರೂ ಮಗು ಸೊರಗುತ್ತಲೇ ಹೋಯಿತು.

ಸೆಪ್ಟೆಂಬರಿನ ಒಂದು ಸಂಜೆ, ನಾಲ್ಕೂವರೆ. ಮಕ್ಕಳಿಗೆ ಒಗ್ಗರಣೆ ಮಂಡಕ್ಕಿ. ನಮ್ಮ ಕಡೆ ಮಂಡಕ್ಕಿಗೆ ಶೇಂಗಾ ಬೀಜ ಬೇಕೇ ಬೇಕು, ಅದನ್ನು ಬಿಟ್ಟಿದ್ದೆ. ರುಚಿ ಬರಲಿ ಎಂದು ಪಾಲಮ್ಮನ ತಟ್ಟೆಗೆ ಮಾತ್ರ ಮೂರು ಚಮಚ ಪುಟಾಣಿ ಪುಡಿ ಹೆಚ್ಚಿಗೆ ಉದುರಿಸಿದೆ. ಕಲಸಿ, ನಾನೇ ಕೈತುತ್ತು ಮಾಡಿ ತಿನ್ನಿಸಿದೆ. ತಟ್ಟೆ ಮುಗಿಯುವ ಮೊದಲೇ ಕೆಮ್ಮು ಬಂತು. ಆಮೇಲೆ ಕೆಮ್ಮಲೂ ಆಗಲಿಲ್ಲ. ಗಂಟಲಿನಿಂದ ಸಿಳ್ಳೆಯಂಥ ಶಬ್ದ, ತುಟಿ ನೀಲಿಗೆ ತಿರುಗಿತು. ಕೆಂಚಕ್ಕ ಆಟೋ ತರುತ್ತೇನೆಂದು ಒಂದು ಕಡೆ ಓಡಿದಳು. ನನಗೆ ಕಾಯಲು ಆಗಲಿಲ್ಲ. ಮಗುವನ್ನು ಎತ್ತಿಕೊಂಡು ದೊಡ್ಡ ರಸ್ತೆಗೆ ಓಡಿದೆ, ಯಾರದೋ ಗೂಡ್ಸ್ ಗಾಡಿಗೆ ಅಡ್ಡ ನಿಂತು ಹತ್ತಿದೆ. ಆಸ್ಪತ್ರೆಯಲ್ಲಿ ತೊಡೆಗೆ ಸೂಜಿ ಚುಚ್ಚಿ, ಮುಖಕ್ಕೆ ಆಮ್ಲಜನಕ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಪಾಲಮ್ಮ ಕಣ್ಣು ತೆರೆದು ನನ್ನನ್ನು ನೋಡಿದಳು. ಐವತ್ತಾರು ವರ್ಷದ ನಾನು ಆ ವಾರ್ಡಿನಲ್ಲಿ ಎಲ್ಲರೆದುರು ಗೋಳೋ ಎಂದು ಅತ್ತೆ.

“ಇನ್ನು ಸ್ವಲ್ಪ ತಡ ಆಗಿದ್ರೆ ನಮ್ಮ ಕೈಲಿ ಏನೂ ಇರ್ತಿರ್ಲಿಲ್ಲ,” ಎಂದರು ಡಾಕ್ಟರು. “ಏನು ತಿಂದ್ಲು?”

“ಶೇಂಗಾ ಒಂದು ಬಿಟ್ಟು ಎಲ್ಲ,” ಎಂದೆ.

“ಕಾರಣ ಗೊತ್ತಾಗ್ಲೇಬೇಕು. ಮೂರನೇ ಸಲ ಹಿಂಗಾದ್ರೆ ಮಗು ಉಳಿಯುತ್ತೆ ಅಂತ ನಾನು ಹೇಳಲ್ಲ.”

ಮರುದಿನ ನಾನು ಕೆಂಚಕ್ಕನಿಗೆ ನಾಳೆಯಿಂದ ಬರಬೇಡ ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಹಾಸ್ಟೆಲಿನ ಕಾರ್ಯದರ್ಶಿ ನಾಗಭೂಷಣ ಅವರು ನನ್ನನ್ನು ಕರೆದು, “ಈ ಮಗೂನ ಇಟ್ಕೊಳ್ಳೋ ಧೈರ್ಯ ನಮಗಿಲ್ಲ ಮಂಜುಳಮ್ಮ. ಅಜ್ಜಿಗೆ ಹೇಳಿಕಳಿಸಿ, ಕರ್ಕೊಂಡು ಹೋಗ್ಲಿ,” ಎಂದರು. ಅವರದೇನೂ ತಪ್ಪಲ್ಲ. ಆದರೆ ಹಟ್ಟಿಗೆ ಹೋದರೆ ಪಾಲಮ್ಮನ ಓದು ಅಲ್ಲಿಗೇ ಮುಗಿಯಿತು ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬರುವ ಸುಗ್ಗಿಗೆ ಅವಳೂ ಕುರಿಗಳ ಹಿಂದೆ.

ಎರಡು ದಿನದ ಮೇಲೆ ಕರಿಯಕ್ಕ ಬಂದಳು. ಅದೇ ಬೆಳಿಗ್ಗೆ, ಏನೂ ಗೊತ್ತಿಲ್ಲದೆ, ಪೆಟ್ಟಿಗೆ ಹಿಡಿದುಕೊಂಡು ಚಿತ್ರಾ ಕೂಡ ಬಂದಳು. ‘ಇನ್ನೊಂದಿನ ಬಾ’ ಎಂದಿದ್ದೆನಲ್ಲ, ಹಾಗಾಗಿ. ಅವಳನ್ನು ಮಾತಾಡಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವಳು ಜಗಲಿಯ ತುದಿಯಲ್ಲಿ ಕೂತಳು.

ಕರಿಯಕ್ಕ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಅಳುತ್ತಲೇ ಕೇಳಿದಳು: “ಸೆನ್ಗ ಇಕ್ಕಬ್ಯಾಡ್ರಿ ಅಂತ ಅಷ್ಟು ಹೇಳಿದ್ನಲ್ರಮ್ಮಾ. ಯಾಕ್ ಇಕ್ಕಿದ್ರಿ?”

“ಶೇಂಗಾ ಒಂದು ಕಾಳು ಈ ಹಾಸ್ಟೆಲ್ಲಿನೊಳಗೆ ಬಂದಿಲ್ಲ ಕರಿಯಕ್ಕ. ನಮ್ಮಣ್ಣನ ಎಣ್ಣೆನೇ ಬಿಡಿಸಿದೀನಿ. ಆಣೆ ಮಾಡ್ಲಾ?” ನನ್ನ ದನಿಯೂ ಏರಿತು.

“ಇಕ್ದೆ ಹೆಂಗಾಗ್ತೈತ್ರಿ? ಸೆನ್ಗ ತಿಂದ್ರೇನೇ ಆಗೋದು!”

“ಶೇಂಗಾ ಇಲ್ಲ ಅಂತಿದೀನಲ್ಲ!”

ಜಗಲಿಯ ತುದಿಯಿಂದ ಚಿತ್ರಾ ಎದ್ದು ಬಂದಳು. ನನ್ನ ಮುಖವನ್ನೊಮ್ಮೆ, ಅಜ್ಜಿಯ ಮುಖವನ್ನೊಮ್ಮೆ ನೋಡಿದಳು. “ಅಮ್ಮಾ, ಒಂದ್ ನಿಮಿಷ ಸುಮ್ನಿರ್ತೀರಾ?” ಎಂದಳು. ನನಗೆ ಸುಮ್ಮನಿರು ಎಂದವರು ಈ ಹಾಸ್ಟೆಲಿನಲ್ಲಿ ಇಲ್ಲಿಯವರೆಗೆ ಯಾರೂ ಇಲ್ಲ. ಯಾಕೋ ಸುಮ್ಮನಾದೆ.

ಅವಳು ಕರಿಯಕ್ಕನ ಮುಂದೆ ನೆಲದ ಮೇಲೆ ಕೂತು ಪೆಟ್ಟಿಗೆ ತೆರೆದು, ಸೀಸೆಗಳನ್ನು ಸಾಲಾಗಿ ಇಟ್ಟಳು. “ಅಜ್ಜೀ, ನಾನು ಹೆಸ್ರು ಹೇಳಲ್ಲ. ಮಗೀಗೆ ಆಗದೇ ಇರೋದು ಇದ್ರಾಗೆ ಐತಾ ನೋಡು. ಇದ್ರೆ ಕೈಗೆ ತಗಾ.”

ಕರಿಯಕ್ಕ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಶೇಂಗಾ ಬೀಜದ ಸೀಸೆಯ ಮೇಲೆ ಅವಳ ಬೆರಳು ಹಾದುಹೋಯಿತು, ನಿಲ್ಲಲಿಲ್ಲ. ಆಮೇಲೆ ಒಂದು ಸೀಸೆ ಎತ್ತಿದಳು. ಕಂದು ಬಣ್ಣದ, ಮೂತಿ ಚೂಪಾದ ಕಡಲೆ ಕಾಳು.

“ಇದೇ ಅಲ್ವೇನಮ್ಮಾ ಸೆನ್ಗ? ಸೆನಗಲು. ಇದ್ರ ಬ್ಯಾಳೆ ಇದು, ಹಿಟ್ಟು ಇದು.” ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. ಕಡಲೆಬೇಳೆ. ಕಡಲೆಹಿಟ್ಟು. ಕೊನೆಗೆ ಪುಟಾಣಿಯ ಸೀಸೆ. “ಇದೂ ಅದೇ, ಹುರ್ದಿದ್ದು.”

ಚಿತ್ರಾ ಶೇಂಗಾ ಬೀಜದ ಸೀಸೆ ತೋರಿಸಿದಳು. “ಇದಕ್ಕೇನಂತೀರಿ?”

“ಇವಾ? ಬುಡ್ಡಲು!” ಎಂದು ಮಡಿಲಿನಿಂದ ಪಾಲಮ್ಮನೇ ಕೂಗಿದಳು. “ನಂಗೆ ಇವು ಇಷ್ಟ. ಅಮ್ಮಾರು ಕೊಡಲ್ಲ.”

“ಬುಡ್ಡಲು ಮನೇಲಿ ದಿನಾ ಮೆಲ್ತಾಳ್ರಿ. ಅದೇನ್ ಮಾಡಲ್ಲ,” ಎಂದಳು ಕರಿಯಕ್ಕ.

ಪಂಚಮಿಯ ಉಂಡೆ, ವಾರವಾರದ ಚಟ್ನಿ, ಮಂಡಕ್ಕಿಯ ಮೇಲೆ ಹೆಚ್ಚಿಗೆ ಉದುರಿಸಿದ ಮೂರು ಚಮಚ ಪುಡಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಯಾರೂ ಕದ್ದು ಕೊಟ್ಟಿರಲಿಲ್ಲ. ಕೆಂಚಕ್ಕ ಎಣ್ಣೆ ಬೆರೆಸಿರಲಿಲ್ಲ. ಈ ಮಗುವಿಗೆ ಆಗದ ಕಾಳನ್ನು ಹುಡುಕಿ ಹುಡುಕಿ, ತುಪ್ಪ ಬೆಲ್ಲ ಬೆರೆಸಿ, ತುತ್ತು ಮಾಡಿ ತಿನ್ನಿಸಿದವಳು ನಾನು. ಗೋಡೆ ಹಿಡಿದು ಕೂತುಬಿಟ್ಟೆ.

ಚಿತ್ರಾ ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ತೆಲುಗಿನ ಸೆನಗ, ನಮ್ಮ ಶೇಂಗಾ, ಎರಡು ಮಾತೂ ಕಿವಿಗೆ ಒಂದೇ ಥರ ಬೀಳುತ್ತವೆ, ಗಡಿಯ ಆಚೆಗೆ ಒಂದು ಕಾಳು, ಈಚೆಗೆ ಇನ್ನೊಂದು ಎಂದು ನಿಧಾನವಾಗಿ ಬಿಡಿಸಿ ಹೇಳಿದಳು. ಆಮೇಲೆ ಅವಳೇ ಓಡಾಡಿ ದಾವಣಗೆರೆಯ ಒಬ್ಬ ತಜ್ಞರ ಹತ್ತಿರ ಮಗುವಿನ ಪರೀಕ್ಷೆಗೆ ಏರ್ಪಾಡು ಮಾಡಿದಳು. ಪಾಲಮ್ಮನ ಮುಂಗೈ ಮೇಲೆ ಬೇರೆ ಬೇರೆ ಕಾಳಿನ ಸಾರದ ಹನಿ ಇಟ್ಟು ಮೆಲ್ಲಗೆ ಚುಚ್ಚಿ ನೋಡಿದರು. ಶೇಂಗಾ ಹನಿ ಇಟ್ಟ ಕಡೆ ಏನೂ ಆಗಲಿಲ್ಲ. ಕಡಲೆಯ ಹನಿ ಇಟ್ಟ ಕಡೆ ಹುಣಸೆಬೀಜದಷ್ಟು ದದ್ದು ಎದ್ದಿತು. ಅಜ್ಜಿಯ ಮಾತು ಸರಿ ಎಂದು ದೊಡ್ಡ ಡಾಕ್ಟರೂ ಬರೆದುಕೊಟ್ಟರು. ಚೀಟಿಯ ಮೇಲೆ ಕಾಳಿನ ಹೆಸರಿನ ಪಕ್ಕದಲ್ಲಿ ಚಿತ್ರಾಳ ಪಟ್ಟಿಯ ನಂಬರೂ ಇತ್ತು. ಅಲ್ಲಿಂದ ಕರಿಯಕ್ಕ ಮಗುವನ್ನು ಕರೆದುಕೊಂಡು ನೇರ ಹಟ್ಟಿಗೆ ಹೋದಳು. ಮತ್ತೆ ಕಳಿಸುತ್ತೇನೆ ಎನ್ನಲಿಲ್ಲ, ಕಳಿಸುವುದಿಲ್ಲ ಎಂದೂ ಅನ್ನಲಿಲ್ಲ.

ಅವತ್ತು ಸಂಜೆ ಕೆಂಚಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, “ತಪ್ಪಾಯ್ತು ಕೆಂಚಕ್ಕ,” ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ಬಹುಶಃ ಅದೇ ಮೊದಲು.

“ನಾನ್ ಹಾಕಿಲ್ಲ ಅಂತ ನಂಗೊತ್ತಿತ್ತಲ್ಲ ಅಮ್ಮಾರೆ. ನಿಮ್ಗೆ ಗೊತ್ತಾಗ್ಲಿ ಅಂತ ಕಾಯ್ತಿದ್ದೆ,” ಎಂದು ನೀರು ತಂದುಕೊಟ್ಟಳು. ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಬಂದು ಒಲೆ ಹಚ್ಚಿದ್ದಳು. ಅವಳಂಥವಳು ನನಗೆ ಸಿಕ್ಕಿದ್ದು ನನ್ನ ಪುಣ್ಯ.

ಆಮೇಲೆ ಮೂರು ದಿನ ಚಿತ್ರಾ ನಮ್ಮ ಅಡುಗೆಮನೆಯಲ್ಲೇ ಕೂತಳು. ನಾನು ಬೇಡ ಎಂದಿದ್ದ ಕೆಲಸವನ್ನು ನಾನೇ ಕರೆದು ಮಾಡಿಸಿದೆ. ಪ್ರತಿ ಡಬ್ಬಿಯ ಮೇಲೆ ಅವಳ ಪಟ್ಟಿಯ ನಂಬರು, ಕಾಳಿನ ಚಿತ್ರ, ಅದರ ಕೆಳಗೆ ಎಲ್ಲ ಹೆಸರುಗಳು. ಶೇಂಗಾಕ್ಕೆ ನನ್ನ ಬಾಯಿಂದಲೇ ಆರು ಹೆಸರು ಬಂದವು: ಶೇಂಗಾ, ಕಡ್ಲೆಕಾಯಿ, ನೆಲಗಡಲೆ, ಮಾರ್ಕೆಟ್ಟಿನಲ್ಲಿ ಬರೀ ಕಾಯಿ, ಮಿಲ್ಲಿನಲ್ಲಿ ಬರೀ ಬೀಜ, ಈಗ ಹೊಸದಾಗಿ ಬುಡ್ಡಲು. ಪುಟಾಣಿ, ಹುರಿಗಡಲೆ, ಕಡಲೆಹಿಟ್ಟು, ಕಡಲೆಬೇಳೆ ಎಲ್ಲ ಒಂದೇ ಗಿಡದ ಮಕ್ಕಳು ಎಂದು ಒಂದೇ ಸಾಲಿನಲ್ಲಿ ಜೋಡಿಸಿದಳು. ಅವಳ ಪುಸ್ತಕದಲ್ಲಿ ‘ಸೆನಗ’ದ ಮುಂದೆ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ ಬರೆದಳು: ಶೇಂಗಾ ಎಂದು ಕೇಳಿಸಬಹುದು, ಕಾಳು ತೋರಿಸಿ ಕೇಳಿ.

“ಇನ್ನು ಈ ಪಟ್ಟಿ ಎಲ್ಲೆಲ್ಲಿ ಹೋಗುತ್ತೋ ಅಲ್ಲೆಲ್ಲ ಈ ಮಾತೂ ಹೋಗುತ್ತೆ ಅಮ್ಮಾ,” ಎಂದಳು. ಕುರಿ ಕಾಯುವವನ ಮಗಳು, ನನಗೆ ಮಗಳಾಗುವ ವಯಸ್ಸು. ಇವಳನ್ನು ಹೆತ್ತವರ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ಬಾಯಿಬಿಟ್ಟೂ ಹೇಳಿದೆ. ಅವಳು ನಾಚಿಕೊಂಡು ಸೀಸೆ ಒರೆಸತೊಡಗಿದಳು.

ನಾಗಭೂಷಣ ಅವರು ಬಂದು ಡಬ್ಬಿಗಳನ್ನೆಲ್ಲ ಒಂದೊಂದಾಗಿ ಓದಿದರು. “ಆ ಮಗು ಬರೋದಾದ್ರೆ ಬರ್ಲಿ. ಆದ್ರೆ ಅಜ್ಜಿ ಕಳಿಸ್ತಾಳೆ ಅಂತೀರಾ?” ಎಂದರು. ಅದೇ ಪ್ರಶ್ನೆ ನನ್ನ ಎದೆಯಲ್ಲೂ ಕುಟ್ಟುತ್ತಿತ್ತು. ಎರಡು ಸಲ ಮೊಮ್ಮಗಳನ್ನು ಸಾವಿನ ಬಾಗಿಲಿಗೆ ಕಳಿಸಿದವಳ ಕೈಗೆ ಯಾವ ಅಜ್ಜಿ ಮತ್ತೆ ಮಗುವನ್ನು ಕೊಟ್ಟಾಳು? ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಭಾನುವಾರ ನಾನು, ಚಿತ್ರಾ ಮೊಳಕಾಲ್ಮುರು ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಹಟ್ಟಿಗೆ ಹೋದೆವು. ಕರಿಯಕ್ಕ ಅಂಗಳದಲ್ಲಿ ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದಳು. ಪಾಲಮ್ಮ ಪಕ್ಕದಲ್ಲಿ ಕೂತು ಹಸಿ ಕಾಯಿ ಸುಲಿದು ತಿನ್ನುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ನನ್ನನ್ನು ಕಂಡದ್ದೇ ಓಡಿ ಬಂದು ಸೆರಗು ಹಿಡಿದಳು. ಕರಿಯಕ್ಕ ಚಾಪೆ ಹಾಸಿ, ಬೇಯಿಸಿದ ಕಾಯಿಯನ್ನು ತಟ್ಟೆಯಲ್ಲಿ ತಂದಿಟ್ಟಳು.

ನಾನು ತಟ್ಟೆ ಮುಟ್ಟಲಿಲ್ಲ. ಬಸ್ಸಿನ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

“ಕರಿಯಕ್ಕ, ನಿಮ್ಮ ಮೊಮ್ಮಗಳಿಗೆ ಆ ಕಾಳು ತಿನ್ಸಿದ್ದು ನಾನೇ. ಬೇರೆ ಯಾರೂ ಅಲ್ಲ. ನೀವು ಹೇಳಿದ್ದು ಸರಿಯಾಗೇ ಇತ್ತು. ಹಟ್ಟಿಯೋರಿಗೆ ಮಾತು ಬರಲ್ಲ ಅಂದ್ಕೊಂಡು ನಾನು ತಿದ್ದಿ ಬರ್ಕೊಂಡೆ. ನಂಗೆ ಶೇಂಗಾ ವಿಷ್ಯ ಎಲ್ಲ ಗೊತ್ತು ಅನ್ನೋ ಕೊಬ್ಬು. ಮಗೂನ ಕಳಿಸಿ ಅಂತ ಕೇಳೋಕೆ ನಂಗೆ ಮುಖ ಇಲ್ಲ. ಆದ್ರೂ ಕೇಳೋಕೆ ಬಂದೀನಿ.”

ಕರಿಯಕ್ಕ ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

“ಗೊತ್ತೈತ್ರಮ್ಮಾ ತಿನ್ಸಿದ್ದು ನೀವೇ ಅಂತ,” ಎಂದಳು. “ಎತ್ಕಂಡು ಓಡಿದ್ದೂ ನೀವೇ ಅಂತೆ. ಪಾಲಿ ಎಲ್ಲ ಹೇಳಿದ್ಲು. ಕಾಲಾಗೆ ಚಪ್ಲಿ ಇರ್ಲಿಲ್ವಂತೆ ನಿಮ್ಗೆ.”

ಚಪ್ಪಲಿ ಇರಲಿಲ್ಲ ಎಂಬುದು ನನಗೇ ನೆನಪಿರಲಿಲ್ಲ.

ಅವಳು ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಪಾಲಮ್ಮನ ಸ್ಕೂಲ್ ಬ್ಯಾಗಿತ್ತು. ಬಟ್ಟೆ ಮಡಿಸಿ ತುಂಬಿ, ಜಿಪ್ಪು ಎಳೆದು, ಸಿದ್ಧ ಮಾಡಿ ಇಟ್ಟಿದ್ದ ಬ್ಯಾಗು. ನಾನು ಬರುತ್ತೇನೆ ಎಂದು ಆ ಹೆಂಗಸು ಎಷ್ಟು ದಿನದಿಂದ ಕಾಯುತ್ತಿದ್ದಳೋ. ಅದನ್ನು ನನ್ನ ಮುಂದಿಟ್ಟು, “ಓದ್ಲಿ ಬಿಡ್ರಿ,” ಎಂದಳು.

ನನಗೆ ತಡೆಯಲಾಗಲಿಲ್ಲ. ಬಗ್ಗಿ ಅವಳ ಕಾಲು ಮುಟ್ಟಿದೆ. ನಮ್ಮ ಮನೆತನದವರು ಯಾರೂ ಯಾವ ಹಟ್ಟಿಯಲ್ಲೂ ಹಾಗೆ ಬಗ್ಗಿದವರಲ್ಲ. ನಮ್ಮಣ್ಣ ನೋಡಿದ್ದರೆ ಏನನ್ನುತ್ತಿದ್ದನೋ ಗೊತ್ತಿಲ್ಲ. ಕರಿಯಕ್ಕ ಗಾಬರಿಯಾಗಿ, “ಅಯ್ಯೋ, ಬ್ಯಾಡ್ರಮ್ಮಾ, ಬ್ಯಾಡ್ರಿ!” ಎನ್ನುತ್ತ ಹಿಂದೆ ಸರಿದಳು. ಆಮೇಲೆ ಮಣ್ಣು ಮೆತ್ತಿದ ಎರಡೂ ಕೈಯಿಂದ ನನ್ನ ತೋಳು ಹಿಡಿದು ಮೇಲೆತ್ತಿದಳು. ನಾವಿಬ್ಬರೂ ಅಳುತ್ತಿದ್ದೆವು. ಪಾಲಮ್ಮ ಬ್ಯಾಗನ್ನು ಬೆನ್ನಿಗೇರಿಸಿಕೊಂಡು, ಬಸ್ಸು ಎಷ್ಟು ಹೊತ್ತಿಗೆ ಎಂದು ಚಿತ್ರಾಳನ್ನು ಕೇಳುತ್ತಿದ್ದಳು.